ಉಗುರು ಹೇಳಿದ ತಾರೀಖು

ಡಾಕ್ಟರ್ ನದಾಫ ಫಕೀರವ್ವನ ಉಂಗುರ ಬೆರಳನ್ನು ಯಂತ್ರದ ತಗ್ಗಿನಲ್ಲಿ ಮೆಲ್ಲಗೆ ಮಲಗಿಸಿ ಗುಂಡಿ ಒತ್ತಿದ. ಯಂತ್ರ ದೊಡ್ಡದೇನಲ್ಲ, ಹಳೆಯ ಕಾಲದ ಹೊಲಿಗೆ ಮಷೀನಿನ ತಲೆಯಷ್ಟಿತ್ತು. ಕೂದಲೆಳೆಯಂಥ ಬೆಳಕೊಂದು ಮೇಲಿನಿಂದ ಇಳಿದು ಉಗುರಿನ ತುದಿಯನ್ನು ಮುಟ್ಟಿತು. ಅಲ್ಲಿಂದ ಬುಡದ ಕಡೆಗೆ, ಇರುವೆ ಹರಿದಷ್ಟು ನಿಧಾನವಾಗಿ ಸರಿಯತೊಡಗಿತು. ಬಿಸಿಯಿಲ್ಲ, ನೋವಿಲ್ಲ. ಎಂಬತ್ತೊಂದು ವರ್ಷದ ಫಕೀರವ್ವ ಕಣ್ಣು ಮುಚ್ಚಿಯೇ ಇದ್ದಳು. ಏನು ಮಾಡುತ್ತಿದ್ದೀರಿ ಎಂದು ಕೂಡ ಕೇಳಲಿಲ್ಲ. ಐದು ವಾರಗಳಿಂದ ಅವಳು ಯಾರನ್ನೂ ಏನನ್ನೂ ಕೇಳುವುದನ್ನು ಬಿಟ್ಟಿದ್ದಳು.

ಹಾಸಿಗೆಯ ಇನ್ನೊಂದು ಬದಿಗೆ ಮಂದಾಕಿನಿ ಬೆಳ್ಳುಬ್ಬಿ ನಿಂತಿದ್ದಳು. ಬಾಗಲಕೋಟೆಯ ಹೊರವಲಯದ ಈ ಪ್ರಾದೇಶಿಕ ವೃದ್ಧ ಚಿಕಿತ್ಸಾ ಕೇಂದ್ರದಲ್ಲಿ ಅವಳು ಮುಖ್ಯ ಆಹಾರ ಅಧಿಕಾರಿ. ಕೇಂದ್ರದ ಉದ್ದನೆಯ ಹೆಸರನ್ನು ಜನ ಯಾರೂ ಹೇಳುತ್ತಿರಲಿಲ್ಲ, ಮುದುಕರ ದವಾಖಾನಿ ಅನ್ನುತ್ತಿದ್ದರು. ಮಂದಾಕಿನಿಗೆ ಐವತ್ತಾರು ತುಂಬಿತ್ತು. ಇನ್ನೆರಡು ವರ್ಷಕ್ಕೆ ನಿವೃತ್ತಿ. ಬೆಳಿಗ್ಗೆ ಎದ್ದರೆ ಮೊಣಕಾಲು ನೋವು, ಸಂಜೆಯಾದರೆ ಕಣ್ಣುರಿ. ಈ ಯಂತ್ರದ ಪರೀಕ್ಷೆಗೆ ತನ್ನ ವಾರ್ಡನ್ನೇ ಆರಿಸಿದ್ದಾರೆಂದು ತಿಳಿದಾಗ ಅವಳಿಗೆ ಮೊದಲು ಅನ್ನಿಸಿದ್ದು, ಇನ್ನೊಂದು ವರದಿ ಬರೆಯಬೇಕಲ್ಲಾ ಎಂದು.

ನದಾಫ ಮೂಲತಃ ಪಶುವೈದ್ಯ ವಿಜ್ಞಾನಿ. ಊರೂರು ತಿರುಗುವ ಕುರಿ ಹಿಂಡುಗಳು ಯಾವ ತಿಂಗಳಲ್ಲಿ, ಯಾವ ಸೀಮೆಯಲ್ಲಿ ಸೊರಗಿದವು ಎಂಬುದನ್ನು ಅವುಗಳ ಗೊರಸಿನಿಂದ ತಿಳಿಯಲು ಅವನು ಹತ್ತು ವರ್ಷಗಳ ಹಿಂದೆ ಈ ಉಪಕರಣವನ್ನು ಕಟ್ಟಿದ್ದ. ಗೊರಸಿಗೆ ಒಗ್ಗಿದ್ದು ಉಗುರಿಗೆ ಯಾಕೆ ಒಗ್ಗಬಾರದು ಎಂಬ ಪ್ರಶ್ನೆ ಆಮೇಲೆ ಬಂದದ್ದು. ಅದರ ಹಿಂದಿನ ವಿಜ್ಞಾನ ಕಷ್ಟದ್ದಲ್ಲ. ನಮ್ಮ ಮೈಯಲ್ಲಿರುವ ಸಾರಜನಕದಲ್ಲಿ ಎರಡು ಬಗೆ: ಒಂದು ಹಗುರ, ಇನ್ನೊಂದು ತುಸು ಭಾರ. ಹೊಟ್ಟೆತುಂಬ ಉಣ್ಣುವವರಲ್ಲಿ ಇವೆರಡೂ ಒಂದು ಹದದಲ್ಲಿರುತ್ತವೆ. ಊಟ ಸಾಲದೆ ಹೋದಾಗ ದೇಹ ತನ್ನದೇ ಮಾಂಸಖಂಡವನ್ನು ಕರಗಿಸಿಕೊಂಡು ಬದುಕುತ್ತದೆ. ಆಗ ಹಗುರವಾದದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ, ಭಾರವಾದದ್ದು ಹಿಂದೆ ಉಳಿಯುತ್ತದೆ. ಆ ದಿನಗಳಲ್ಲಿ ಹುಟ್ಟಿದ ಉಗುರಿನ ಪದರಿನಲ್ಲಿ ಅದರ ಗುರುತು ಅಚ್ಚಾಗಿಬಿಡುತ್ತದೆ. ಮುದುಕರ ಉಗುರು ತಿಂಗಳಿಗೆ ಎರಡು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅಂದರೆ ತುದಿಯಲ್ಲಿರುವುದು ಆರು ತಿಂಗಳ ಹಿಂದಿನ ಊಟ, ಚರ್ಮದ ಕೆಳಗೆ ಅಡಗಿರುವ ಬೇರಿನಲ್ಲಿರುವುದು ಈ ವಾರದ ಊಟ. ಬೆಳಕಿನ ಎಳೆ ಚರ್ಮವನ್ನೂ ದಾಟಿ ಆ ಬೇರನ್ನು ಓದುತ್ತಿತ್ತು.

ತೂಕದ ಯಂತ್ರ, ರಕ್ತಪರೀಕ್ಷೆ, ತೋಳಿನ ಸುತ್ತಳತೆ, ಇವೆಲ್ಲ ಮನುಷ್ಯ ಸೊರಗಿದ್ದಾನೆ ಎಂದು ಹೇಳುತ್ತಿದ್ದವು. ಯಾವತ್ತಿನಿಂದ ಸೊರಗಿದ ಎಂದು ಹೇಳಿದ್ದು ಇದೇ ಮೊದಲು.

ಪರದೆಯ ಮೇಲೆ ಗೆರೆಯೊಂದು ಮೂಡುತ್ತ ಬಂತು. ನೆಲದಂತೆ ಸಮನಾಗಿ ಬಹಳ ದೂರ ಹೋಯಿತು. ಬೆಳಕು ಉಗುರಿನ ಬುಡಕ್ಕೆ ಬಂದಾಗ ತಟ್ಟನೆ ಮೇಲಕ್ಕೆ ತಿರುಗಿ, ಏರುತ್ತಲೇ ಹೋಗಿ ನಿಂತಿತು.

ಮಂದಾಕಿನಿ ಗೆರೆಯನ್ನು ನೋಡಿದಳು. ಅವಳು ಎಣಿಸಿದ್ದಕ್ಕೆ ಅದು ಪೂರಾ ತಿರುಗಾಮುರುಗಾ ಇತ್ತು. ಯಂತ್ರ ಸರಿ ಇದೆಯೇ ಎಂದು ಕೇಳಿದಳು. ನದಾಫ ಬೆರಳು ಬದಲಿಸಿ ಮತ್ತೊಮ್ಮೆ ಓದಿಸಿದ. ಅದೇ ಗೆರೆ ಬಂತು.

"ಇದು ತಿರುಗಿದ್ದು ಯಾವತ್ತು?" ಎಂದಳು.

ಅವನು ಪರದೆಯ ಮೇಲೆ ಬೆರಳಿಟ್ಟು ಅಳೆದ. "ಮೂವತ್ತೈದು ದಿವಸ ಆತ್ರಿ ಮೇಡಂ. ಎರಡು ದಿವಸ ಆಕಡೆ ಈಕಡೆ ಆಗಬಹುದು. ಅದರ ಹಿಂದಿನ ಐದು ತಿಂಗಳು ಈ ಆಯಿ ಚೊಲೊ ಉಂಡಾರ."

ಫಕೀರವ್ವ ತೊಡೆಯ ಎಲುಬು ಮುರಿದುಕೊಂಡು ಈ ಹಾಸಿಗೆಗೆ ಬಂದು ಅವತ್ತಿಗೆ ಮೂವತ್ತಾರು ದಿನ.

ಅದು ನದಾಫನಿಗೆ ಗೊತ್ತಿರಲಿಲ್ಲ. ಮಂದಾಕಿನಿಗೆ ಗೊತ್ತಿತ್ತು. ಮೂರು ವಾರಗಳ ಹಿಂದೆ ಅವಳೇ ಒಂದು ಕಾಗದಕ್ಕೆ ಸಹಿ ಹಾಕಿದ್ದಳು. ಫಕೀರವ್ವನ ಸೊಂಟದ ಹತ್ತಿರ ಆದ ಹಾಸಿಗೆ ಹುಣ್ಣು ಮಾಯದೆ ಇದ್ದಾಗ ಡಾಕ್ಟರರೊಬ್ಬರು ಅವಳ ತೋಳಿಗೆ ಟೇಪು ಸುತ್ತಿ ಅಳೆದಿದ್ದರು. ಮಗುವಿನ ತೋಳಿನಷ್ಟಿತ್ತು. ಅಲ್ಲಿಯವರೆಗೆ ಯಾರಿಗೂ ಸಂಶಯ ಬಂದಿರಲಿಲ್ಲ. ಹಾಸಿಗೆಯೇ ದಿನವೂ ತೂಕ ಹೇಳುತ್ತಿತ್ತು, ತೂಕ ಇಳಿದಿರಲಿಲ್ಲ. ಕಾಲಿಗೆ ಇಳಿದ ನೀರು ಕರಗಿದ ಮಾಂಸದ ಜಾಗವನ್ನು ತುಂಬಿಕೊಂಡಿತ್ತು. ಎರಡು ವಾರದಲ್ಲಿ ಇಷ್ಟು ಸೊರಗುವುದು ಸಾಧ್ಯವಿಲ್ಲ, ಮನೆಯಿಂದ ಬರುವಾಗಲೇ ಹೀಗಿದ್ದಿರಬೇಕು ಎಂದು ಎಲ್ಲರೂ ತಿಳಿದರು. ಹಾಗೆ ತಿಳಿದಾಗ ಏನು ಮಾಡಬೇಕೆಂದು ಆ ಕಾಲದ ಹಿರಿಯರ ಆರೈಕೆ ಕಾನೂನು ಸ್ಪಷ್ಟವಾಗಿ ಹೇಳಿತ್ತು. 'ದೀರ್ಘಕಾಲದ ಅಪೌಷ್ಟಿಕತೆ, ಮನೆಯವರ ನಿರ್ಲಕ್ಷ್ಯದ ಶಂಕೆ' ಎಂದು ಬರೆದು ಆಹಾರ ಅಧಿಕಾರಿ ಸಹಿ ಹಾಕಬೇಕು. ಮಂದಾಕಿನಿ ಹಾಕಿದಳು. ಆವತ್ತು ಅವಳು ಅಂಥ ಹನ್ನೊಂದು ಕಾಗದಗಳಿಗೆ ಸಹಿ ಹಾಕಿದ್ದಳು.

ಫಕೀರವ್ವನ ಮನೆಯವರೆಂದರೆ ಸೊಸೆ ರೇಣವ್ವ ಒಬ್ಬಳೇ. ಮಗ ಸತ್ತು ಇಪ್ಪತ್ತೆರಡು ವರ್ಷವಾಗಿತ್ತು. ಕಲಾದಗಿಯಲ್ಲಿ ರೇಣವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಸಹಿ ಬಿದ್ದ ದಿನದಿಂದ ಅವಳನ್ನು ವಾರ್ಡಿಗೆ ಬಿಡುವುದು ನಿಂತಿತ್ತು. ಬರುವ ಗುರುವಾರ ವಿಚಾರಣೆ. ಶಂಕೆ ಸಾಬೀತಾದರೆ ಫಕೀರವ್ವ ಮನೆಗೆ ಹೋಗುವಂತಿಲ್ಲ. ಬದುಕಿರುವಷ್ಟು ದಿನ ಸರಕಾರಿ ಆಶ್ರಯದಲ್ಲಿರಬೇಕು.

ಮಂದಾಕಿನಿ ನದಾಫನಿಗೆ ಎಲ್ಲವನ್ನೂ ಹೇಳಿದಳು. ಅವನು ಪರದೆಯ ಗೆರೆಯನ್ನು ಮೊದಲಿನಿಂದ ಇನ್ನೊಮ್ಮೆ ಅಳೆದ. ಆಮೇಲೆ, ಒಂದು ಉಗುರಿನಿಂದ ಏನನ್ನೂ ತೀರ್ಮಾನಿಸಬಾರದು, ವಾರ್ಡಿನ ಎಲ್ಲರದನ್ನೂ ಓದೋಣ ಅಂದ.

ಮೂರು ದಿನ ಓದಿದರು. ಗಂಡಸರು ಹೆಂಗಸರು ಸೇರಿ ಅರವತ್ತನಾಲ್ಕು ಜನ, ಒಬ್ಬೊಬ್ಬರಿಗೆ ಎರಡು ಬೆರಳು. ಹದಿನಾಲ್ಕು ಜನರ ಗೆರೆ ಮನೆಯಲ್ಲಿದ್ದಾಗಲೇ ಏರಿತ್ತು. ಅವರಲ್ಲಿ ಕೆಲವರದು ರೋಗದಿಂದ, ಕೆಲವರದು ನಿಜವಾಗಿಯೂ ಉಣ್ಣಲು ಇಲ್ಲದೆ. ಒಂಬತ್ತು ಜನರದು ಎಲ್ಲೂ ಏರಿರಲಿಲ್ಲ. ಉಳಿದ ನಲವತ್ತೊಂದು ಜನರ ಗೆರೆ ಆಸ್ಪತ್ರೆಗೆ ಬರುವ ದಿನದವರೆಗೆ ಸಮನಾಗಿತ್ತು, ಬಂದ ಮೇಲೆ ಏರತೊಡಗಿತ್ತು. ಕೊನೆಯ ಹಾಸಿಗೆ ಮುಗಿದಾಗ ನದಾಫ ಯಂತ್ರದ ಮೇಲೆ ಬಟ್ಟೆ ಹೊದಿಸಿ ಕೂತುಬಿಟ್ಟ. ಕುರಿಗಳ ವಿಷಯದಲ್ಲಿ ಹೀಗೆ ಬಂದಿದ್ದರೆ ಕುರುಬರನ್ನು ಕರೆದು, ಆ ಸೀಮೆಗೆ ಹಿಂಡು ಒಯ್ಯಬೇಡಿ ಅನ್ನುತ್ತಿದ್ದೆ ಎಂದು ಹೇಳಿದ. ತಮಾಷೆಗೆ ಹೇಳಿದ್ದಲ್ಲ ಅದು.

ಮಂದಾಕಿನಿಗೆ ಇದು ಅರ್ಥವೇ ಆಗಲಿಲ್ಲ. ಅವಳ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಅಲ್ಲಿನ ಪರದೆಯ ಮೇಲೆ ಪ್ರತಿ ಹಾಸಿಗೆಗೂ ಎಷ್ಟು ಗ್ರಾಂ ಬೇಳೆ, ಎಷ್ಟು ಗ್ರಾಂ ಹಾಲು ಎಂಬುದನ್ನು ಅವಳೇ ಕೈಯಾರೆ ನಿಗದಿ ಮಾಡುತ್ತಿದ್ದಳು. ತಪ್ಪದೆ ಮೂರು ಹೊತ್ತು ತಾನೇ ನಡೆಯುವ ಬಂಡಿಗಳು ಊಟ ಒಯ್ಯುತ್ತಿದ್ದವು. ಊಟ ತಲುಪಿದ ಹಾಸಿಗೆಯ ಎದುರಿಗೆ ಹಸಿರು ಚುಕ್ಕೆ ಬೀಳುತ್ತಿತ್ತು. ಹನ್ನೊಂದು ವರ್ಷಗಳಿಂದ ಆ ಪರದೆ ಹಸಿರಾಗಿಯೇ ಇತ್ತು. ಊಟದ ಹೊತ್ತಿನಲ್ಲಿ ತಾನು ವಾರ್ಡಿಗೆ ಹೋಗಿ ಕೂತದ್ದು ಯಾವಾಗ ಎಂದು ನೆನಪು ಮಾಡಿಕೊಂಡಳು. ನೆನಪಾಗಲಿಲ್ಲ.

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಹೆಂಗಸರ ವಾರ್ಡಿಗೆ ಹೋಗಿ, ಮೂಲೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತಳು.

ಬಂಡಿ ಸರಿಯಾದ ಹೊತ್ತಿಗೆ ಬಂತು. ಊಟ ಬಂದಿದೆ ಎಂದು ಮಧುರವಾದ ದನಿಯಲ್ಲಿ ಹೇಳಿ ಹಾಸಿಗೆಯಿಂದ ಹಾಸಿಗೆಗೆ ತಟ್ಟೆಗಳನ್ನು ಇಡುತ್ತ ಹೋಯಿತು. ತಟ್ಟೆಗಳಿಗೆ ಸೋಂಕು ತಗಲಬಾರದೆಂದು ಬಿಗಿಯಾದ ಪೊರೆ ಅಂಟಿಸಿದ್ದರು. ಒಂಬತ್ತನೆಯ ಹಾಸಿಗೆಯ ನಿವೃತ್ತ ಶಿಕ್ಷಕಿ ಸುಶೀಲಾಬಾಯಿ ಆ ಪೊರೆಯ ಅಂಚನ್ನು ಉಗುರಿನಿಂದ ಕೆದರಿದರು, ಹಲ್ಲಿನಿಂದ ಎಳೆದು ನೋಡಿದರು, ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ಮುಖ ಮಾಡಿದರು. ಹನ್ನೆರಡನೆಯ ಹಾಸಿಗೆಯಾಕೆಯ ಕಟ್ಟಿಸಿದ ಹಲ್ಲು ಡ್ರಾಯರಿನಲ್ಲಿತ್ತು, ಡ್ರಾಯರು ಕೈಗೆ ಎಟುಕುತ್ತಿರಲಿಲ್ಲ. ಇನ್ನೊಬ್ಬರನ್ನು ತಟ್ಟೆ ಇಟ್ಟ ಗಳಿಗೆಯಲ್ಲೇ ಎಕ್ಸರೇಗೆ ಕರೆದೊಯ್ದರು. ಅವರ ಪಕ್ಕದಾಕೆಗೆ ಮರುದಿನ ಯಾವುದೋ ಪರೀಕ್ಷೆಯಿದೆ, ಹೊಟ್ಟೆ ಖಾಲಿ ಇರಬೇಕು ಎಂದು ಎರಡು ದಿನದಿಂದ ಫಲಕ ತೂಗುಬಿಟ್ಟಿದ್ದರು. ಪರೀಕ್ಷೆ ಎರಡು ಸಲ ಮುಂದೆ ಹೋಗಿತ್ತು, ಫಲಕ ಹಾಗೇ ಉಳಿದಿತ್ತು. ಮೂವತ್ತೆರಡು ಹಾಸಿಗೆಗೆ ಇದ್ದವಳು ಒಬ್ಬಳೇ ನರ್ಸ್. ಅವಳು ಇಂಜೆಕ್ಷನ್ನುಗಳ ಹಿಂದೆ ಓಡಾಡುತ್ತಿದ್ದಳು. ಅವಳನ್ನು ಬೈಯಲು ಮಂದಾಕಿನಿಗೆ ಬಾಯಿ ಬರಲಿಲ್ಲ.

ಫಕೀರವ್ವ ಮುರಿದ ಕಾಲು ನೋಯದಂತೆ ಎಡಮಗ್ಗುಲಾಗಿ ಮಲಗಿದ್ದಳು. ತಟ್ಟೆ ಬೆನ್ನ ಹಿಂದೆ ಇತ್ತು.

ಅರ್ಧ ತಾಸಿಗೆ ಬಂಡಿ ಮರಳಿ ಬಂತು. ಪೊರೆ ಬಿಚ್ಚಿದ ತಟ್ಟೆ, ಬಿಚ್ಚದ ತಟ್ಟೆ ಎನ್ನದೆ ಎಲ್ಲವನ್ನೂ ಎತ್ತಿಕೊಂಡು ಹೋಗತೊಡಗಿತು. ಫಕೀರವ್ವನ ತಟ್ಟೆಗೆ ಅದು ಕೈ ಚಾಚಿದಾಗ ಮಂದಾಕಿನಿ ಎದ್ದುಹೋಗಿ ತಟ್ಟೆಯನ್ನು ಹಿಡಿದುಕೊಂಡಳು. ಪೊರೆ ಕಿತ್ತು, ಸುತ್ತು ಬಳಸಿ ಆಕೆಯ ಎದುರಿಗೆ ಹೋಗಿ, ಅನ್ನ ಸಾರು ಕಲಸಿ ಒಂದು ಚಮಚ ಬಾಯಿಗೆ ಹಿಡಿದಳು. ಮುದುಕಿ ಕಣ್ಣು ತೆರೆದು, ಈಕೆ ಯಾರು ಎಂದು ನೋಡಿ, ಬಾಯಿ ತೆರೆದಳು. ನುಂಗಲು ಬಹಳ ಹೊತ್ತು ಹಿಡಿಯಿತು. ಎರಡನೆಯ ಚಮಚವೂ ಹೋಯಿತು. ಮೂರನೆಯದಕ್ಕೆ ಕೈ ಅಡ್ಡ ಹಿಡಿದಳು.

"ಸಾಕವ್ವಾ. ನಿಮಗ ಕೆಲಸ ಇರತಾವ."

"ನನಗ ಈಗ ಏನೂ ಕೆಲಸ ಇಲ್ಲ, ಆಯಿ. ಊಟ ಕೈಗೆ ಸಿಗವಲ್ದು ಅಂತ ಯಾರಿಗರ ಹೇಳಬಾರದಿತ್ತಾ?"

ಫಕೀರವ್ವ ಇದರಲ್ಲಿ ಕೇಳುವುದೇನಿದೆ ಎಂಬಂತೆ ಅವಳನ್ನು ನೋಡಿದಳು. "ಯಾರಿಗೆ ಹೇಳೂದು? ಎಲ್ಲಾರೂ ಓಡಕೋತನs ಇರ್ತಾರ."

ಮಂದಾಕಿನಿ ಕೈಯಲ್ಲಿದ್ದ ತಟ್ಟೆಯನ್ನು ನೋಡಿದಳು. ಆ ತಟ್ಟೆಯಲ್ಲಿ ಇಪ್ಪತ್ತೆರಡು ಗ್ರಾಂ ಪ್ರೋಟೀನ್ ಇತ್ತು. ಅದು ಅವಳಿಗೆ ಬಾಯಿಪಾಠವಾಗಿತ್ತು.

ಆಸ್ಪತ್ರೆಯ ಮುಖ್ಯಸ್ಥರು ಡಾಕ್ಟರ್ ಪಡಸಲಗಿ. ಕೆಟ್ಟವರಲ್ಲ, ದಣಿದವರು. ಮೂರು ಜಿಲ್ಲೆಗಳ ಮುದುಕರೆಲ್ಲ ಇದೊಂದೇ ಕಟ್ಟಡಕ್ಕೆ ಬರುತ್ತಿದ್ದರು. ಮಂದಾಕಿನಿ ಮತ್ತು ನದಾಫ ಆ ಸಂಜೆಯೇ ಅವರೆದುರು ನಲವತ್ತೊಂದು ಗೆರೆಗಳನ್ನು ಹರವಿದರು. ಪಡಸಲಗಿಯವರು ಒಂದೊಂದನ್ನೂ ತಾಳ್ಮೆಯಿಂದ ನೋಡಿದರು. ಯಂತ್ರದ ಬಗ್ಗೆ ನದಾಫನನ್ನು ಮೆಚ್ಚಿ ಮಾತಾಡಿದರು. ಆಮೇಲೆ, ಇದನ್ನು ಇನ್ನು ಮುಂದೆ ಭರ್ತಿಯಾಗುವ ದಿನ ಮಾತ್ರ ಬಳಸೋಣ, ಬಂದವರು ಯಾವ ಸ್ಥಿತಿಯಲ್ಲಿ ಬಂದರು ಎಂದು ತಿಳಿದರೆ ಸಾಕಲ್ಲವೆ ಅಂದರು. ಬಂದ ಮೇಲಿನದನ್ನು ಯಾಕೆ ಓದಬಾರದು ಎಂದು ನದಾಫ ಕೇಳಿದ್ದಕ್ಕೆ, ಯಂತ್ರ ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಜನ ತಪ್ಪು ತಿಳಿಯುತ್ತಾರೆ ಎಂಬ ಉತ್ತರ ಬಂತು.

ಮಂದಾಕಿನಿ ಗುರುವಾರದ ವಿಚಾರಣೆಯ ಮಾತೆತ್ತಿದಳು. ತಾನು ಸಹಿಯನ್ನು ವಾಪಸು ಪಡೆಯಬೇಕು ಅಂದಳು.

"ಬೆಳ್ಳುಬ್ಬಿಯವರ, ಸ್ವಲ್ಪ ವಿಚಾರ ಮಾಡ್ರಿ," ಅಂದರು ಪಡಸಲಗಿ. "ಒಂದು ಸಹಿ ತಪ್ಪು ಅಂದ್ರಿ ಅಂದ್ರ, ಈ ಹನ್ನೊಂದು ವರ್ಷದಾಗ ಹಾಕಿದ್ದು ಎಲ್ಲಾ ಯಾವ ಲೆಕ್ಕದಾಗ ಬರತಾವ? ಆ ಮಂದಿಗೆಲ್ಲಾ ಏನು ಹೇಳ್ತೀರಿ?"

ಅವರು ಹೆದರಿಸಲು ಹೇಳಿದ್ದಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು. ಮಂದಾಕಿನಿಗೂ ಗೊತ್ತಿರಲಿಲ್ಲ. ಎಷ್ಟು ಮುದುಕರು ತನ್ನ ಸಹಿಯಿಂದ ಮನೆ ಬಿಟ್ಟು ಆಶ್ರಯಕ್ಕೆ ಹೋಗಿ ಸತ್ತಿರಬಹುದು, ಎಷ್ಟು ಮಕ್ಕಳು ಸೊಸೆಯಂದಿರು ಊರವರ ಮುಂದೆ ತಲೆ ತಗ್ಗಿಸಿರಬಹುದು ಎಂದು ಯೋಚಿಸಿದಳು. ಅವರ ಉಗುರುಗಳು ಈಗ ಎಲ್ಲಿಯೂ ಇರಲಿಲ್ಲ.

ಬುಧವಾರ ರಜೆ ಹಾಕಿ ಅವಳು ಕಲಾದಗಿಗೆ ಹೋದಳು. ಹೋಗಲೇಬೇಕೆಂದು ಯಾವ ನಿಯಮವೂ ಇರಲಿಲ್ಲ. ಆದರೆ ವಿಚಾರಣೆಯ ಕೋಣೆಯಲ್ಲಿ ಆ ಹೆಂಗಸಿನ ಮುಖವನ್ನು ಮೊದಲ ಸಲ ನೋಡುವುದು ಅವಳಿಂದ ಆಗುವಂತಿರಲಿಲ್ಲ.

ರೇಣವ್ವನ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ನಾಲ್ಕು ಒಲೆಗಳಿದ್ದವು. ಕರೆಂಟಿನ ಒಲೆಗಳು, ಆದರೆ ಅವುಗಳ ಮೇಲಿನ ಹಂಚುಗಳು ಹಳೆಯ ಕಬ್ಬಿಣದವೇ. ರೇಣವ್ವನಿಗೆ ಐವತ್ತೆಂಟರ ಸುಮಾರು, ಗಟ್ಟಿ ಮೈಕಟ್ಟಿನ ಹೆಂಗಸು. ಮಂದಾಕಿನಿ ತಾನು ಯಾರೆಂದು ಹೇಳಿದಾಗ ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಒಂದು ಗಳಿಗೆ ನಿಂತಿತು. ಮತ್ತೆ ಬಡಿಯತೊಡಗಿತು. ಕೂಡ್ರಿ ಎನ್ನಲಿಲ್ಲ. ಮಂದಾಕಿನಿ ತಾನಾಗಿಯೇ ಚೀಲವೊಂದರ ಮೇಲೆ ಕೂತು, ಉಗುರಿನ ವಿಷಯ, ತಾರೀಖಿನ ವಿಷಯ, ವಾರ್ಡಿನಲ್ಲಿ ತಾನು ಕಂಡದ್ದು, ಎಲ್ಲವನ್ನೂ ಹೇಳಿದಳು. ತಪ್ಪು ನನ್ನದು ಎಂದೂ ಹೇಳಿದಳು. ರೇಣವ್ವ ರೊಟ್ಟಿಯ ಮೇಲೆ ನೀರು ಸವರಿ, ತಿರುವಿ ಹಾಕಿ, ಉಬ್ಬಿದ ಮೇಲೆ ಬುಟ್ಟಿಗೆ ಹಾಕಿದಳು.

"ಅಕಿಗೆ ಹಲ್ಲಿಲ್ರಿ," ಅಂದಳು ಆಮೇಲೆ. "ರೊಟ್ಟಿ ಬಿಸಿ ಇದ್ದಾಗs ಮುರದು ಹಾಲಾಗ ನೆನಿ ಇಡಬೇಕು. ಬ್ಯಾಳಿ ಕಟ್ಟು ಉಗುರು ಬೆಚ್ಚಗ ಇರಬೇಕು. ಒಂದು ತುತ್ತಿಗೆ ಒಂದು ಮಾತು ಆಡಬೇಕು, ಇಲ್ಲಂದ್ರ ನುಂಗೂದು ಮರೀತಾಳ. ಒಂದು ತಾಸು ಬೇಕ್ರಿ ಅಕಿ ಊಟಕ್ಕ. ಅವಸರ ಮಾಡಿದ್ರ ಬಾಯಿ ಮುಚ್ಚಿಬಿಡತಾಳ."

ಭರ್ತಿಯಾದ ದಿನವೇ ಇದನ್ನೆಲ್ಲ ಹೇಳಿದ್ದಳಂತೆ. ಯಾರೋ ಒಬ್ಬರು ಕೇಳಿಸಿಕೊಂಡು, ನೀವು ಚಿಂತೆ ಮಾಡಬೇಡಿ, ಇಲ್ಲಿ ಎಲ್ಲವನ್ನೂ ಆಸ್ಪತ್ರೆಯೇ ನೋಡಿಕೊಳ್ಳುತ್ತದೆ ಅಂದಿದ್ದರಂತೆ. ಊಟದ ಹೊತ್ತಿನಲ್ಲಿ ಹೊರಗಿನವರು ಒಳಗಿರಬಾರದು ಎಂಬ ನಿಯಮವಿತ್ತು. ಮನೆಯಿಂದ ತಂದ ಊಟದ ಗಂಟನ್ನು ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತಿದ್ದರು. ಸಂಜೆ ನಾಲ್ಕರಿಂದ ಐದರವರೆಗೆ ಅವಳು ಅತ್ತೆಯ ಪಕ್ಕದಲ್ಲಿ ಬರಿಗೈಯಲ್ಲಿ ಕೂತು ಬರುತ್ತಿದ್ದಳು. ಆಮೇಲೆ ಅದೂ ನಿಂತಿತು.

"ರೇಣವ್ವ, ನನ್ನ ಮ್ಯಾಲೆ ಸಿಟ್ಟು ಬಂದ್ರ ಬೈರಿ," ಅಂದಳು ಮಂದಾಕಿನಿ.

"ಬೈದ್ರ ಅಕಿ ಹೊಟ್ಟಿ ತುಂಬತೈತೇನ್ರಿ?" ರೇಣವ್ವ ಮುಂದಿನ ಉಂಡೆಗೆ ಕೈ ಹಾಕಿದಳು. "ನೀವು ಕಾಗದದಾಗ ಬರದೀರಿ. ಕಾಗದದಾಗs ಅಳಸ್ರಿ. ನನ್ನ ಒಳಗ ಬಿಡ್ರಿ, ಸಾಕು."

ಗುರುವಾರ ವಿಚಾರಣೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮಂದಾಕಿನಿ ಎದ್ದು ನಿಂತು, ಈ ಹೆಂಗಸು ತನ್ನ ಅತ್ತೆಯನ್ನು ಚೆನ್ನಾಗಿ ನೋಡಿಕೊಂಡಿದ್ದಾಳೆ, ಫಕೀರವ್ವ ಉಪವಾಸ ಬಿದ್ದದ್ದು ನಮ್ಮ ಆಸ್ಪತ್ರೆಯಲ್ಲಿ, ನಾನು ನೋಡದೆ ಸಹಿ ಹಾಕಿದೆ ಎಂದು ಹೇಳಿದಳು. ಅಧಿಕಾರಿ ಮತ್ತೊಮ್ಮೆ ಹೇಳಿಸಿದರು, ಅವಳು ಮತ್ತೊಮ್ಮೆ ಹೇಳಿದಳು. ನದಾಫ ಗೆರೆಯನ್ನು ತೋರಿಸಿದ. ರೇಣವ್ವನ ಮೇಲಿನ ಶಂಕೆಯನ್ನು ಅಲ್ಲೇ ತೆಗೆದುಹಾಕಿದರು. ಹೊರಗೆ ಬಂದಾಗ ರೇಣವ್ವ ಅವಳ ಹತ್ತಿರ ನಿಲ್ಲಲಿಲ್ಲ, ಮಾತೂ ಆಡಲಿಲ್ಲ. ಸೀದಾ ವಾರ್ಡಿನ ಮೆಟ್ಟಿಲ ಕಡೆ ನಡೆದಳು. ಆ ಮಧ್ಯಾಹ್ನ ಫಕೀರವ್ವ ಒಂದು ತಾಸು ಹತ್ತು ನಿಮಿಷ ಊಟ ಮಾಡಿದಳು.

ಇದಾದ ಮೇಲೆ ಆಗಬೇಕಾದದ್ದೆಲ್ಲ ಆಯಿತು, ಎಷ್ಟು ನಿಧಾನವಾಗಿ ಆಗಬಹುದೋ ಅಷ್ಟು ನಿಧಾನವಾಗಿ. ಮಂದಾಕಿನಿಯನ್ನು ಎರಡು ತಿಂಗಳು ಉಗ್ರಾಣದ ಉಸ್ತುವಾರಿಗೆ ಹಾಕಿದರು. ಯಂತ್ರವನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟರು. ನದಾಫ ತನ್ನ ಪ್ರಬಂಧವನ್ನು ಪ್ರಕಟಿಸಿದ. ಅದು ಪತ್ರಿಕೆಗಳಿಗೆ ಬಂತು, ಸಭೆಗಳಾದವು, ಕೊನೆಗೆ ಸರಕಾರದ ಆದೇಶವೂ ಬಂತು. ವೃದ್ಧ ರೋಗಿಗಳ ಉಗುರನ್ನು ಹದಿನೈದು ದಿನಕ್ಕೊಮ್ಮೆ ಓದಬೇಕು. ಊಟದ ಹೊತ್ತಿನಲ್ಲಿ ಮನೆಯವರನ್ನು ಒಳಗೆ ಬಿಡಬೇಕು. ಮನೆಯವರಿಲ್ಲದವರಿಗೆ ಉಣಿಸಲು ಜನರನ್ನು ನೇಮಿಸಬೇಕು. ವಾರ್ಡಿನಲ್ಲಿ ಮತ್ತೆ ಕುರ್ಚಿಗಳು ಬಂದವು. ಹನ್ನೆರಡು ಗಂಟೆಗೆ ಅಲ್ಲಿ ಜಾತ್ರೆಯಂಥ ಗದ್ದಲ ಇರುತ್ತದೆ ಎಂದು ಹೊಸ ಡಾಕ್ಟರರು ಗೊಣಗಿದರು. ಹಳೆಯ ಸಹಿಗಳನ್ನು ಮರುಪರಿಶೀಲಿಸಿ ಎಂದು ಮಂದಾಕಿನಿ ನಾಲ್ಕು ಸಲ ಬರೆದಳು. ನಾಲ್ಕು ಸಲವೂ ಸ್ವೀಕರಿಸಲಾಗಿದೆ ಎಂಬ ಉತ್ತರ ಬಂತು, ಬೇರೇನೂ ಬರಲಿಲ್ಲ. ಉಳಿದ ಹತ್ತು ಕಾಗದಗಳ ಮನೆಗಳಿಗೆ ಅವಳೇ ಒಂದೊಂದಾಗಿ ಹೋಗಿಬಂದಳು. ಮೂರು ಕಡೆ ಬಾಗಿಲು ತೆರೆಯಲಿಲ್ಲ.

ಫಕೀರವ್ವ ವಿಚಾರಣೆಯಾದ ಒಂದೂವರೆ ತಿಂಗಳಿಗೆ ಮನೆಗೆ ಹೋದಳು. ಯಂತ್ರ ಬೀಗದಿಂದ ಹೊರಬಂದ ಮೇಲೆ ನದಾಫ ಓದಿದಾಗ ಅವಳ ಗೆರೆ ಇಳಿದು ಮತ್ತೆ ಸಮನಾಗಿತ್ತು. ಆದರೆ ಆ ವಯಸ್ಸಿನಲ್ಲಿ ಹೋದ ಮಾಂಸ ಮರಳಿ ಬರುವುದಿಲ್ಲ. ಮುರಿದ ಎಲುಬು ಕೂಡಿತ್ತು, ನಿಲ್ಲುವ ತ್ರಾಣ ಮಾತ್ರ ಕಾಲಿಗೆ ಬರಲಿಲ್ಲ. ಚಪ್ಪರದ ಕೆಳಗೆ ಹಾಕಿದ ಮಂಚದ ಮೇಲೆ ಮಲಗಿ, ರೊಟ್ಟಿ ಬಡಿಯುವ ಸದ್ದು ಕೇಳುತ್ತ ಯುಗಾದಿಯವರೆಗೆ ಇದ್ದಳು. ಅವಳು ತೀರಿಕೊಂಡ ಸುದ್ದಿಯನ್ನು ರೇಣವ್ವ ತಾನೇ ಫೋನು ಮಾಡಿ ಹೇಳಿದಳು. ಅಷ್ಟೇ ಹೇಳಿ ಇಟ್ಟಳು.

ನಿವೃತ್ತಿಗೆ ಇನ್ನೊಂದು ತಿಂಗಳಿರುವಾಗ ನದಾಫ ಮಂದಾಕಿನಿಯ ಮನೆಗೆ ಬಂದ. ಕೂದಲು ಬೆಳ್ಳಗಾಗಿತ್ತು. ಕೆಲವು ಆಸ್ಪತ್ರೆಗಳು ಭರ್ತಿಯ ದಿನ ಮಾತ್ರ ಉಗುರು ಓದಿ ಕೈತೊಳೆದುಕೊಳ್ಳುತ್ತಿವೆ ಎಂದು ಬೇಸರದಿಂದ ಹೇಳಿದ. ಬೇಸರ ಪಟ್ಟುಕೊಳ್ಳಲೂ ಅವನಿಗೆ ಶಕ್ತಿ ಉಳಿದಂತಿರಲಿಲ್ಲ. ಆಮೇಲೆ ಚೀಲದಿಂದ ಒಂದಿಷ್ಟು ಹಾಳೆಗಳನ್ನು ತೆಗೆದ.

ಯಾವುದೋ ಹಳೆಯ ವೈದ್ಯಕೀಯ ಕಾಲೇಜಿನ ಉಗ್ರಾಣ ಖಾಲಿ ಮಾಡುವಾಗ ಒಂದು ಡಬ್ಬಿ ಸಿಕ್ಕಿತ್ತು. ಅದರ ತುಂಬ ಉಗುರಿನ ಚೂರುಗಳು. ಚರ್ಮರೋಗ ವಿಭಾಗದ ಯಾರೋ ಉಗುರಿನ ಬೂಷ್ಟಿನ ಅಧ್ಯಯನಕ್ಕೆಂದು, ಆಸ್ಪತ್ರೆಯಲ್ಲಿ ಬಹಳ ತಿಂಗಳು ಮಲಗಿದ್ದ ಮುದುಕರಿಂದ ಕತ್ತರಿಸಿ ತೆಗೆದಿಟ್ಟವು. ಸಣ್ಣ ಸಣ್ಣ ಲಕೋಟೆಗಳು. ಮೇಲೆ ಹೆಸರಿರಲಿಲ್ಲ, ವಯಸ್ಸು, ಹಾಸಿಗೆಯ ಸಂಖ್ಯೆ, ಭರ್ತಿಯಾದ ತಾರೀಖು, ಉಗುರು ಕತ್ತರಿಸಿದ ತಾರೀಖು ಇದ್ದವು. ನದಾಫ ಮೂವತ್ತು ಲಕೋಟೆಗಳನ್ನು ಓದಿಸಿದ್ದ. ಗೆರೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟ. ಹೆಚ್ಚಿನವು ಅವಳಿಗೆ ಗುರುತಿನ ಗೆರೆಗಳೇ. ಭರ್ತಿಯ ತಾರೀಖಿನವರೆಗೆ ಸಮ, ಅಲ್ಲಿಂದ ಏರು.

ಮಂದಾಕಿನಿ ಒಂದು ಲಕೋಟೆಯನ್ನು ಬೆಳಕಿಗೆ ಹಿಡಿದು ಓದಿದಳು. ಇಸವಿ 2026 ಎಂದಿತ್ತು. ಆಗ ಅವಳಿಗೆ ಇಪ್ಪತ್ತೊಂದು.

"ಆವಾಗ ಬಂಡಿ ಇರಲಿಲ್ಲ, ಪೊರೆ ಇರಲಿಲ್ಲ. ಮನಿಯವರನ್ನೂ ಒಳಗ ಬಿಡತಿದ್ರಂತ," ಅಂದ ನದಾಫ. "ಆದ್ರೂ ಹಿಂಗs ಯಾಕ ಬಂತು ಅಂತ ನನಗ ತಿಳೀವಲ್ದು. ನೀವು ಆವಾಗ ಕಲಿಯಾಕತ್ತಿದ್ರಿ. ನಿಮಗೇನರ ನೆನಪದಾವೇನ್ರಿ?"

ಆ ವರ್ಷ ಅವಳು ತರಬೇತಿಗೆಂದು ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂರು ತಿಂಗಳು ಇದ್ದಳು. ಕೈಯಲ್ಲಿ ಒಂದು ಪಟ್ಟಿ, ದಿನಕ್ಕೆ ನಲವತ್ತು ಹಾಸಿಗೆ. ಹಾಸಿಗೆಯ ಕಾಲ ಬಳಿ ನಿಂತು, ಅಜ್ಜಾರ ಊಟ ಆತ್ರ್ಯಾ, ಅಮ್ಮಾ ಊಟ ಆತಾ ಎಂದು ಕೇಳಬೇಕು, ಉತ್ತರ ಬರೆದುಕೊಳ್ಳಬೇಕು. ಕೆಲವರ ಪಕ್ಕದಲ್ಲಿ ಮಕ್ಕಳೋ ಸೊಸೆಯೋ ಇರುತ್ತಿದ್ದರು. ಕೆಲವರ ಮಕ್ಕಳು ಔಷಧಿ ಅಂಗಡಿಯ ಮುಂದಿನ ಸಾಲಿನಲ್ಲೋ, ರಕ್ತಪರೀಕ್ಷೆಯ ಕಿಟಕಿಯ ಮುಂದೋ ನಿಂತಿರುತ್ತಿದ್ದರು. ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದರು. ಹೂಂ, ಆತವ್ವಾ.

ಅವರಲ್ಲಿ ಒಬ್ಬ ಮುದುಕ ಅವಳಿಗೆ ಈಗ ಸ್ಪಷ್ಟವಾಗಿ ಕಂಡ. ಬಿಳಿ ಗಡ್ಡ, ಎದೆಯ ಎಲುಬುಗಳು ಎಣಿಸುವಂತಿದ್ದವು. ಬಲಗೈಗೆ ಸಲೈನಿನ ಸೂಜಿ ಚುಚ್ಚಿ ಹಲಗೆ ಕಟ್ಟಿದ್ದರು. ಬಲಗಡೆಯ ಸಣ್ಣ ಕಪಾಟಿನ ಮೇಲೆ ಸ್ಟೀಲಿನ ತಟ್ಟೆಯಿತ್ತು, ಅದರ ಮೇಲೆ ಇನ್ನೊಂದು ತಟ್ಟೆ ಬೋರಲು ಮುಚ್ಚಿತ್ತು. ಊಟ ಆಯಿತೇ ಎಂದು ಕೇಳಿದ್ದಕ್ಕೆ ಅವನು ನಕ್ಕು, ಆತವ್ವಾ, ನೀವು ಉಂಡ್ರಿ? ಎಂದು ತಿರುಗಿ ಕೇಳಿದ್ದ. ಆಗಲೇ ಒಂದೂವರೆಯಾಗಿತ್ತು. ಇನ್ನೂ ಹದಿನೇಳು ಹಾಸಿಗೆ ಉಳಿದಿದ್ದವು.

ಮುಚ್ಚಿದ ಆ ತಟ್ಟೆಯನ್ನು ಅವಳು ನೋಡಿದ್ದಳು. ಕೈ ಚಾಚಿದರೆ ಅವಳಿಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅವಳು ಪಟ್ಟಿಯಲ್ಲಿ ಗುರುತು ಹಾಕಿ ಮುಂದಿನ ಹಾಸಿಗೆಗೆ ಹೋಗಿದ್ದಳು.